ನದಿಗೆ ಅಂಟಿಕೊಂಡ ದೇಶ
ರಾತ್ರಿ ಮಗಳ ಅಟ್ಲಾಸ್‌ಗೆ ಬೈಂಡು ಹಾಕುತ್ತಾ ಕೂತಿದ್ದೆ. ಪಶ್ಚಿಮ ಆಫ್ರಿಕಾದ ಪುಟದಲ್ಲಿ ಬೆರಳು ನಿಂತುಬಿಟ್ಟಿತು. ಸೆನೆಗಲ್‌ನ ಹೊಟ್ಟೆಯೊಳಗೆ ಎರೆಹುಳದ ಹಾಗೆ ಮಲಗಿರುವ ಇನ್ನೊಂದು ದೇಶ, ಗ್ಯಾಂಬಿಯಾ. ಉದ್ದ 300 ಕಿ.ಮೀ.ಗೂ ಹೆಚ್ಚು, ಅಗಲ ಹೆಚ್ಚೆಂದರೆ ಸುಮಾರು 50.

ಗ್ಯಾಂಬಿಯಾ ನದಿಯ ದಂಡೆ ಬ್ರಿಟಿಷರಿಗೆ, ಸುತ್ತಲಿನ ನೆಲ ಫ್ರೆಂಚರಿಗೆ ಅಂತ 1889ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಂದ ಆಯಿತು. ನದಿ ತಿರುಗಿದ ಹಾಗೆ ಗಡಿಯೂ ತಿರುಗಿದೆ. ಎರಡೂ ಕಡೆ ಅದೇ ಮಂಡಿಂಕಾ, ಅದೇ ವೊಲೊಫ್ ಮಾತು, ಅದೇ ಕಡಲೆಕಾಯಿ ಹೊಲ. ಶಾಲೆಗೆ ಹೋದ ಮಕ್ಕಳು ಮಾತ್ರ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಫ್ರೆಂಚ್ ಕಲಿತರು. ಒಂದೇ ಅಜ್ಜಿಯ ಮೊಮ್ಮಕ್ಕಳಾದರೂ ಸರಿ. ನನಗೆ ಸಂಕಟವಾಗಿದ್ದು ಇಲ್ಲೇ.

ಸೆನೆಗಲ್‌ನ ದಕ್ಷಿಣ ಭಾಗವಾದ ಕಾಸಮಾನ್ಸ್‌ನವರು ತಮ್ಮದೇ ರಾಜಧಾನಿ ಡಕಾರ್‌ಗೆ ರಸ್ತೆಯಲ್ಲಿ ಹೊರಟರೆ ಪರದೇಶ ದಾಟಬೇಕು, ಇಲ್ಲವೇ ಪೂರ್ವದ ಕಡೆಯಿಂದ ನೂರಾರು ಕಿ.ಮೀ. ಸುತ್ತಬೇಕು. ಗ್ಯಾಂಬಿಯಾದ ಫರಾಫೆನ್ನಿ ಊರಿನ ಹತ್ತಿರ ಲಾರಿಗಳು ನದಿ ದಾಟಿಸುವ ಫೆರ್ರಿಗಾಗಿ ದಿನಗಟ್ಟಲೆ ಕಾಯುತ್ತಿದ್ದವು. ಅಲ್ಲಿ ಸೇತುವೆ ಆದದ್ದು 2019ರಲ್ಲಿ. ಅದರ ಉದ್ದ 1 ಕಿ.ಮೀ. ಕೂಡ ಇಲ್ಲ!

ಮಗಳ ಅಟ್ಲಾಸ್‌ನಲ್ಲಿ ಆ ಸೇತುವೆ ಕಾಣಲಿಲ್ಲ. ಪೆನ್ಸಿಲ್‌ನಲ್ಲಿ ಸಣ್ಣದೊಂದು ಗೀಟು ಹಾಕಿ ಕೊಟ್ಟೆ.