ಸಿ ಗುಂಪಿನವರು ಎದ್ದು ನಿಲ್ಲಿ

ಪ್ರೌಢಶಾಲೆಯ ಸಹೋದ್ಯೋಗಿಗಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂಕ ನೋಡಿ ಮಕ್ಕಳನ್ನು ವಿಂಗಡಿಸಿದ ಎ, ಬಿ, ಸಿ ಪಟ್ಟಿಯನ್ನು ನಿಮ್ಮ ಡೈರಿಯಲ್ಲೇ ಇಟ್ಟುಕೊಳ್ಳಿ, ಮಕ್ಕಳ ಮುಂದೆ ಓದಬೇಡಿ. ಯಾರು ಬಂದು ಕೇಳಿದರೂ ಓದಬೇಡಿ.

ಫಲಿತಾಂಶದ ಒತ್ತಡ ನಮಗೆ ಹೊಸದಲ್ಲ. ಆದರೆ 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಅಲ್ಲಿಂದೀಚೆಗೆ ಎಸ್‌ಎ-1, ಅಂದರೆ ಅರ್ಧವಾರ್ಷಿಕ ಪರೀಕ್ಷೆ ಮುಗಿಯುವುದೇ ತಡ, ಪಟ್ಟಿ ಸಿದ್ಧವಿರಬೇಕು. ಹಿಂದುಳಿದವರ ಸಿ ಗುಂಪಿಗೆ ಪಾಸಾಗಲು ಸಾಕಾಗುವಷ್ಟು ಪಾಠಗಳ ಪಾಸಿಂಗ್ ಪ್ಯಾಕೇಜ್, ಸಂಜೆ ವಿಶೇಷ ತರಗತಿ, ಒಬ್ಬೊಬ್ಬ ಶಿಕ್ಷಕರ ಹೊಣೆಗೆ ಬಿಟ್ಟ ದತ್ತು ಮಕ್ಕಳು, ವಾರ ವಾರ ತುಂಬಬೇಕಾದ ಗೂಗಲ್ ಫಾರ್ಮ್. ಪ್ಯಾಕೇಜ್ ಬೇಡವೆಂದು ನಾನು ಹೇಳುವುದಿಲ್ಲ. ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯ, ಮಧ್ಯಾಂಕ ಇಷ್ಟನ್ನು ಗಟ್ಟಿ ಮಾಡಿಸಿದರೆ ಮುಳುಗುವ ಮಗು ದಡ ಸೇರುತ್ತದೆ, ಕಣ್ಣಾರೆ ಕಂಡಿದ್ದೇನೆ. ನನ್ನ ತಕರಾರೆಲ್ಲ ಮಗುವಿನ ಹಣೆಗೆ ಅಂಟಿಸುವ ಆ ಒಂದು ಅಕ್ಷರದ ಬಗ್ಗೆ.

ಹದಿನೈದರ ವಯಸ್ಸಿನವರಿಗೆ ಗುಂಪು ಕಟ್ಟಿಕೊಳ್ಳಲು ನಮ್ಮ ನೆರವು ಬೇಕಿಲ್ಲ. ನಮ್ಮ ಶಾಲೆಯಲ್ಲಿ ಪೇಟೆಯವರು, ಬಸ್ಸಿನವರು, ಹಾಸ್ಟೆಲ್‌ನವರು ಎಂದು ಮೂರು. ಪೇಟೆಯವರೆಂದರೆ ಟ್ಯೂಷನ್ ಮತ್ತು ಜಂಬ. ಬಸ್ಸಿನವರೆಂದರೆ ಮೊದಲ ಪೀರಿಯಡ್‌ಗೆ ತಡ. ಹಾಸ್ಟೆಲ್‌ನವರೆಂದರೆ ಕಬಡ್ಡಿಗೆ ಮುಂದೆ, ಓದಿಗೆ ಹಿಂದೆ. ಸ್ಟಾಫ್ ರೂಮಿನಲ್ಲಿ ನಾವು ಆಡುವುದೂ ಹೆಚ್ಚುಕಡಿಮೆ ಇದೇ ಮಾತು. ಮಕ್ಕಳ ಕಿವಿಗೆ ಅದು ಬೀಳುವುದಿಲ್ಲವೆಂದು ಯಾರೂ ಭಾವಿಸಬೇಡಿ.

ಆ ದಿನ ನಾನು ಬೋರ್ಡಿನ ಮೇಲೆ ಎಕ್ಸ್ ಅಕ್ಷ, ವೈ ಅಕ್ಷ ಎಳೆದು ಬಿಂದುಗಳನ್ನು ಗುರುತಿಸುತ್ತಿದ್ದೆ. ಮುಖ್ಯೋಪಾಧ್ಯಾಯರೊಂದಿಗೆ ಒಳಗೆ ಬಂದ ಅಧಿಕಾರಿ ಮಕ್ಕಳ ನಮಸ್ಕಾರ ಮುಗಿಯುವ ಮೊದಲೇ ಕೇಳಿದರು: "ಸಿ ಗುಂಪಿನವರು ಯಾರು? ಎದ್ದು ನಿಲ್ಲಿ."

ಯಾರೂ ಏಳಲಿಲ್ಲ. "ಪಟ್ಟಿ ಸ್ಟಾಫ್ ರೂಮಿನಲ್ಲಿದೆ ಸರ್, ಅಲ್ಲಿಯೇ ತೋರಿಸುತ್ತೇನೆ" ಎಂದೆ. "ಪಟ್ಟಿ ನೋಡಿದ್ದೇನೆ ಮೇಡಂ, ಮಕ್ಕಳನ್ನು ನೋಡಬೇಕು" ಎಂದರು. ಮುಖ್ಯೋಪಾಧ್ಯಾಯರು ನನ್ನತ್ತ ಕಣ್ಣು ಮಾಡಿದರು. ಅಷ್ಟರಲ್ಲಿ ಮುಂದಿನ ಬೆಂಚುಗಳ ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು, ಕಿಟಕಿಯ ಪಕ್ಕದ ಸಾಲಿಗೆ. ಹಾಗೆ ತಿರುಗಿ ಎಂದು ಯಾರೂ ಹೇಳಿರಲಿಲ್ಲ. ಒಬ್ಬ ಎದ್ದ. ನಡುವಿನ ಸಾಲಿನ ಹುಡುಗಿಯೊಬ್ಬಳು ಡೆಸ್ಕಿನ ಅಂಚನ್ನು ಹಿಡಿದುಕೊಂಡೇ ಅರ್ಧ ಎದ್ದಳು. ಬಳಿಕ ಹಾಸ್ಟೆಲ್ ಹುಡುಗರ ಬೆಂಚುಗಳು ಇಡಿಯಾಗಿ ಎದ್ದವು.

ಅವರ ನಡುವೆ ನಿಂತಿದ್ದ ಒಬ್ಬನನ್ನು ಕಂಡು ನನ್ನ ಕೈಯಲ್ಲಿನ ಸೀಮೆಸುಣ್ಣ ಅಲ್ಲಿಗೇ ನಿಂತಿತು. ಎಸ್‌ಎ-1 ಗಣಿತದಲ್ಲಿ 80ಕ್ಕೆ 61 ತೆಗೆದವನು. ಅವನ ಗ್ರಾಫ್ ಹಾಳೆಯಲ್ಲಿ ಎರಡು ಸರಳರೇಖೆಗಳೂ ಆಗಲೇ ಛೇದಿಸಿದ್ದವು. ನಾನಿನ್ನೂ ಬೋರ್ಡಿನಲ್ಲಿ ಮೊದಲನೆಯದನ್ನೇ ಎಳೆದಿರಲಿಲ್ಲ. ಅಧಿಕಾರಿ ಅವನನ್ನೇ ಕೇಳಿದರು: "ಏನಪ್ಪಾ ನಿನ್ನ ಕಷ್ಟ?" ಅವನು ನೆಲ ನೋಡಿದ. "ಇವನು ಎ ಗುಂಪಿನವನು ಸರ್" ಎಂದೆ. ತರಗತಿ ನಕ್ಕಿತು. ಹಾಸ್ಟೆಲ್ ಹುಡುಗ ಎ ಗುಂಪಿನಲ್ಲಿರುವುದೇ ಆ ಮಕ್ಕಳಿಗೆ ತಮಾಷೆಯಾಗಿ ಕೇಳಿಸಿತ್ತು. ಕುಳಿತುಕೋ ಎಂದರೂ ಅವನು ಕೂರಲಿಲ್ಲ. ಉಳಿದವರೆಲ್ಲ ಕೂತ ಮೇಲೆಯೇ ಕೂತ. ಆ ನಗು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸಂಜೆ ಕರೆದು ಕೇಳಿದೆ. "ನಮ್ಮ ರೂಮಿನವರೆಲ್ಲ ಎದ್ದರಲ್ಲ ಮಿಸ್" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಾನೊಬ್ಬನೇ ಕೂತಿದ್ದರೆ ರಾತ್ರಿ ಊಟಕ್ಕೆ ಕೂತಾಗ, ನೀನು ಪೇಟೆಯವನಾದೆ ಎನ್ನುತ್ತಿದ್ದರು" ಎಂದು ಸೇರಿಸಿದ.

ಸಾಮಾಜಿಕ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇದೇ ವಯಸ್ಸಿನ, 14-15ರ ಹುಡುಗರ ಮೇಲೆ ನಡೆಸಿ 1970ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಶಿಕ್ಷಕರೆಲ್ಲ ತಿಳಿದಿರಬೇಕು. ಪರದೆಯ ಮೇಲೆ ಚುಕ್ಕೆಗಳನ್ನು ಮಿಂಚಿಸಿ ಎಷ್ಟಿವೆ ಎಂದು ಊಹಿಸಲು ಹೇಳಿದರು. ಹೆಚ್ಚು ಊಹಿಸುವವರು, ಕಡಿಮೆ ಊಹಿಸುವವರು ಎಂದು ಗುಂಪು ಮಾಡಿದ್ದಾಗಿ ಹುಡುಗರನ್ನು ನಂಬಿಸಿದರು. ವಾಸ್ತವದಲ್ಲಿ ಚೀಟಿ ಎತ್ತಿದಂತೆ ಹಂಚಿದ್ದರು. ತಮ್ಮ ಗುಂಪಿನಲ್ಲಿ ಬೇರೆ ಯಾರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನ ಕಡೆಗೇ ವಾಲಿದರು. ಚುಕ್ಕೆಯ ಲೆಕ್ಕವೇ ಇಷ್ಟು ಮಾಡುವಾಗ, ಒಂದೇ ಸೂರಿನಡಿ ಮಲಗಿ ಒಂದೇ ಪಂಕ್ತಿಯಲ್ಲಿ ಉಣ್ಣುವ ಮಕ್ಕಳ ಮೇಲೆ ಸರ್ಕಾರಿ ಅಧಿಕಾರಿಯ ಬಾಯಿಂದ ಬಂದ ಅಕ್ಷರ ಏನು ಮಾಡೀತು!

ಈಗ ನನ್ನ ವಿಶೇಷ ತರಗತಿಯಲ್ಲಿ ಗುಂಪು ಮಾಡುವುದು ಅಧ್ಯಾಯದ ಮೇಲೆ. ನಕ್ಷೆಯಲ್ಲಿ ಎಡವುವವರು ಒಂದು ಕಡೆ, ತ್ರಿಕೋನಮಿತಿಯಲ್ಲಿ ಎಡವುವವರು ಇನ್ನೊಂದು ಕಡೆ. ಅಧ್ಯಾಯ ಬದಲಾದರೆ ಗುಂಪೂ ಬದಲು. ಹೇಳಿಕೆ ಲೆಕ್ಕ ಬಂದಾಗ ಟ್ಯೂಷನ್‌ಗೆ ಹೋಗುವ ಪೇಟೆಯ ಮಕ್ಕಳೂ ಹಾಸ್ಟೆಲ್ ಹುಡುಗರ ಪಕ್ಕ ಬಂದು ಕೂರುತ್ತಾರೆ. ಮೊದಮೊದಲು ಮುಖ ಗಂಟು ಹಾಕಿಕೊಂಡರು, ಈಗ ಉತ್ತರ ತಾಳೆ ನೋಡುತ್ತಾರೆ. ಕೆಲಸ ಮಾತ್ರ ಹೆಚ್ಚು. "ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಇಷ್ಟು ಮಕ್ಕಳಿಗೆ ಹೀಗೆಲ್ಲ ಮಾಡಲು ನನ್ನಿಂದಾಗದು" ಎಂದು ಇಂಗ್ಲಿಷ್ ಶಿಕ್ಷಕರು ಹೇಳಿದ್ದರಲ್ಲೂ ಹುರುಳಿದೆ. ಅವರಿಗೆ ಎರಡು ಸೆಕ್ಷನ್, ಜೊತೆಗೆ ಬಿಸಿಯೂಟದ ಲೆಕ್ಕ.

ಮುಖ್ಯೋಪಾಧ್ಯಾಯರು ನನ್ನನ್ನು ತಡೆಯಲಿಲ್ಲ, ಆದರೆ "ಫಾರ್ಮ್‌ನಲ್ಲಿ ಏನೆಂದು ತುಂಬಲಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದರಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಅಕ್ಷರವಿಲ್ಲದಿದ್ದರೆ ಮುಂದಿನ ಪುಟ ತೆರೆಯುವುದೇ ಇಲ್ಲ. 'ಗುಂಪು' ಎಂಬ ಕಾಲಂ ತೆಗೆದು 'ಯಾವ ಅಧ್ಯಾಯದಲ್ಲಿ ನೆರವು ಬೇಕು' ಎಂದು ಕೇಳಿ ಎಂದು ಬರೆದು ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ವಿಷಯ ಶಿಕ್ಷಕರ ವೇದಿಕೆಯ ಮುಂದಿನ ಸಭೆಯಲ್ಲಿ ಮತ್ತೆ ಎತ್ತುತ್ತೇನೆ. ನಿಮ್ಮ ತಾಲ್ಲೂಕಿನ ಸಭೆಯಲ್ಲಿ ನೀವೂ ಎತ್ತಿ; ಒಬ್ಬರೇ ಕೇಳಿದರೆ ಆ ಕಾಲಂ ಹೋಗುವುದಿಲ್ಲ.