ನೀರಿನ ಮೇಲಿನ ಓಣಿ

ಇವತ್ತು ಆಮ್‌ಸ್ಟರ್‌ಡ್ಯಾಮ್‌ನ ಸೆಂಟ್ರಲ್ ಸ್ಟೇಷನ್ ಹಿಂದೆ ಫೆರಿ ಹತ್ತಿ ಉತ್ತರದ ದಡಕ್ಕೆ ಹೋಗಿದ್ದೆ. ಸ್ಖೋನ್‌ಸ್ಖಿಪ್ ಅನ್ನೋ ತೇಲುವ ಬಡಾವಣೆ ನೋಡಬೇಕು ಅಂತ ತುಂಬಾ ದಿನದಿಂದ ಆಸೆಯಿತ್ತು. ಹಳೇ ಕಾರ್ಖಾನೆಗಳ ಪಕ್ಕದ ಕಾಲುವೆಯಲ್ಲಿ ತೇಲುವ 30 ಕಟ್ಟಡಗಳು, ಅವುಗಳಲ್ಲಿ 46 ಮನೆಗಳು. ದೋಣಿಗಳಲ್ಲ, ಮಹಡಿ ಇರುವ ನಿಜವಾದ ಮನೆಗಳು! ಒಂದು ಕಿಟಕಿಯಲ್ಲಿ ಅಜ್ಜಿಯೊಬ್ಬರು ಗಿಡಕ್ಕೆ ನೀರು ಹಾಕುತ್ತಿದ್ದರು.

ಅಡಿಪಾಯದ ಜಾಗದಲ್ಲಿ ಟೊಳ್ಳು ಕಾಂಕ್ರೀಟ್ ತೊಟ್ಟಿ. ಅಷ್ಟು ಭಾರದ ಕಾಂಕ್ರೀಟ್ ತೇಲುತ್ತದೆ ಅಂದರೆ ನಂಬೋದು ಕಷ್ಟ, ಅಲ್ವಾ? ಛಾವಣಿಯಲ್ಲಿ ಸೋಲಾರ್. ಚಳಿಗಾಲಕ್ಕೆ ಬೇಕಾದ ಬಿಸಿಯನ್ನು ಹೀಟ್ ಪಂಪ್‌ಗಳು ಅದೇ ಕಾಲುವೆಯ ನೀರಿನಿಂದ ಎಳೆದುಕೊಳ್ಳುತ್ತವೆ. ಒಬ್ಬರ ಮನೆಯಲ್ಲಿ ಮಿಕ್ಕ ಕರೆಂಟು ಪಕ್ಕದವರಿಗೆ ಹೋಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ.

ಇಂಥ ಮನೆ ಕಟ್ಟೋದು ಅಗ್ಗವಲ್ಲ, ಬಡವರಿಗೂ ಸಿಗುವಂತಾಗಬೇಕು. ಆದರೂ ಹೊಲ ನುಂಗದೆ, ಕೆರೆ ಮುಚ್ಚದೆ ಊರು ಬೆಳೆಯೋದನ್ನ ಕಣ್ಣಾರೆ ನೋಡಿ ಮನಸ್ಸು ತುಂಬಿತು.

ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ನೀರು ಜಾಸ್ತಿ ಆದ್ರೆ ಏನ್ ಮಾಡ್ತಾರೋ?"

"ಮನೆಯೂ ಜೊತೆಗೇ ಮೇಲೇಳುತ್ತೆ ಅಮ್ಮ."

ಅಮ್ಮ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಲೇ ಇದ್ದರು. "ಇನ್ನೊಂದ್ಸಲ ತೋರ್ಸು" ಅಂದರು.