ಎದುರಿಗಿರೋರ ಮನಸ್ಸು ಅರ್ಥ ಆಗದೇ ಇರೋದು ಜೀನ್‌ನಿಂದಾನಾ?

ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸೋ, ಅತಿಯಾಗಿ ಅನುಮಾನ ಬರೋ ಮಾನಸಿಕ ಕಾಯಿಲೆ) ಇರೋರ ಮನೆಯವರು ನನ್ನ ಹತ್ರ ತುಂಬ ಸಲ ಕೇಳೋದು ಇದನ್ನೇ. "ಮಾತ್ರೆ ಶುರು ಮಾಡಿದ್ಮೇಲೆ ಕಿವಿಯಲ್ಲಿ ದನಿ ಕೇಳಿಸೋದು ನಿಂತಿದೆ, ಆದ್ರೆ ನಾವು ಬೇಜಾರಲ್ಲಿದ್ರೂ ಇವನಿಗೆ ಗೊತ್ತಾಗಲ್ಲ, ಸುಮ್ನೆ ನಕ್ಕಿದ್ರೆ ನನ್ನನ್ನೇ ಆಡ್ಕೊಳ್ತಿದೀರ ಅಂತಾನೆ, ಇದು ಜೀನಲ್ಲೇ ಬಂದಿದ್ದಾ, ಹಾಗಿದ್ರೆ ಇಷ್ಟೇನಾ?"

ಜೀನ್ ಪಾಲು ಖಂಡಿತ ಇದೆ. ಆದ್ರೆ ಇಷ್ಟೇನಾ ಅನ್ನೋದಕ್ಕೆ, ಅಲ್ಲ.

ಮುಖ ನೋಡಿ, ದನಿ ಕೇಳಿ ಇನ್ನೊಬ್ರ ಭಾವನೆ ಹಿಡಿಯೋದು, ಅವರ ಮನಸ್ಸಲ್ಲಿ ಏನು ಓಡ್ತಿದೆ ಅಂತ ಊಹಿಸೋದು, ಇದಕ್ಕೆಲ್ಲ ಸೇರಿ ಸೋಶಿಯಲ್ ಕಾಗ್ನಿಷನ್ ಅಂತಾರೆ. ಮಾತ್ರೆಗಳು ಭ್ರಮೆ, ಅನುಮಾನ ಕಡಿಮೆ ಮಾಡೋ ಮಟ್ಟಿಗೆ ಇದನ್ನ ಸರಿ ಮಾಡಲ್ಲ. ಕೆಲಸ, ಸ್ನೇಹ ಉಳಿಸ್ಕೊಳ್ಳೋದು ಮಾತ್ರ ಬಹಳಷ್ಟು ಇದರ ಮೇಲೇ ನಿಂತಿರುತ್ತೆ, ಅದಕ್ಕೇ ಈ ಪ್ರಶ್ನೆ ನನಗೆ ಅಷ್ಟು ಮುಖ್ಯ ಅನ್ಸುತ್ತೆ.

ಕಾಯಿಲೆ ಇರೋರ ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಕಾಯಿಲೆ ಇಲ್ಲದವರಿಗೂ ಇದನ್ನ ಅಳೆಯೋ ಟೆಸ್ಟ್ ಕೊಟ್ಟು ನೋಡಿದಾರೆ, ಸರಾಸರಿ ತಗೊಂಡ್ರೆ ಅವರೂ ಬೇರೆಯವರಿಗಿಂತ ಸ್ವಲ್ಪ ಹಿಂದೆ, ಕಾಯಿಲೆ ಇರೋರಿಗಿಂತ ಮುಂದೆ. ರಕ್ತಸಂಬಂಧದಲ್ಲಿ ಏನೋ ಹರಿದು ಬರ್ತಿದೆ ಅನ್ನೋಕೆ ಇದೊಂದು ಸುಳಿವು. ಇನ್ನು ಕಾಯಿಲೆ ವಿಷಯದಲ್ಲಿ, ಅವಳಿಗಳ ಅಧ್ಯಯನಗಳು ಸುಮಾರು 80% ಜೀನ್ ಪಾಲು ಅನ್ನುತ್ವೆ. ಈ 80 ನೋಡಿ ಜನ ಹೆದರ್ತಾರೆ, ಆದ್ರೆ ಅದು ಇಡೀ ಜನಸಮೂಹದೊಳಗಿನ ವ್ಯತ್ಯಾಸದ ಲೆಕ್ಕ, ನಿಮ್ಮ ಮಗನಿಗೆ ಕಾಯಿಲೆ ಬರೋ ಚಾನ್ಸ್ ಅಲ್ಲ. ಜೀನ್ ಒಂದೇ ಆಗಿರೋ ಒಂದೇ ಥರದ ಅವಳಿಗಳಲ್ಲಿ ಒಬ್ರಿಗೆ ಬಂದ್ರೂ ಅರ್ಧಕ್ಕಿಂತ ಹೆಚ್ಚು ಸಲ ಇನ್ನೊಬ್ರಿಗೆ ಬರಲ್ಲ.

ಯಾವ ಜೀನ್ ಅಂದ್ರೆ, ಒಂದು ಹೆಸರು ಹೇಳೋಕಾಗಲ್ಲ. 2022ರ ದೊಡ್ಡ ಅಧ್ಯಯನದಲ್ಲಿ ಕಾಯಿಲೆಗೆ ನಂಟಿರೋ 287 ಜಾಗ ಡಿಎನ್‌ಎಯಲ್ಲಿ ಸಿಕ್ಕಿದ್ವು, ಒಂದೊಂದರದ್ದೂ ಚೂರು ಪ್ರಭಾವ. ಆಕ್ಸಿಟೋಸಿನ್ (ಜನರ ನಡುವಿನ ನಂಟಿಗೆ ಸಂಬಂಧಿಸಿದ ಹಾರ್ಮೋನ್) ರಿಸೆಪ್ಟರ್ ಜೀನೇ ಕಾರಣವಂತೆ ಅಂತ ಓದಿ ಬಂದು ಕೇಳೋರಿದಾರೆ, ಅಂಥ ಒಂಟಿ ಜೀನ್ ಕಥೆಗಳು ಹೆಚ್ಚಾಗಿ ಸಣ್ಣ ಅಧ್ಯಯನಗಳಿಂದ ಬಂದಿದ್ದು, ಮತ್ತೆ ಮತ್ತೆ ನೋಡಿದಾಗ ಗಟ್ಟಿಯಾಗಿ ನಿಂತಿಲ್ಲ. ಒಂದೇ ಬದಲಾವಣೆಯ ಪ್ರಭಾವ ದೊಡ್ಡದಾಗಿರೋ ಉದಾಹರಣೆ ಅಂದ್ರೆ 22ನೇ ಕ್ರೋಮೋಸೋಮಿನ ಒಂದು ತುಂಡು ಇಲ್ಲದೇ ಹುಟ್ಟೋರು. ಅವರಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಮುಂದೆ ಸೈಕೋಸಿಸ್ (ಭ್ರಮೆ, ಇಲ್ಲದ ದನಿ ಕೇಳಿಸೋ ಸ್ಥಿತಿ) ಬರುತ್ತೆ, ಬೇರೆಯವರ ಭಾವನೆ ತಿಳಿಯೋ ಕಷ್ಟ ಎಷ್ಟೋ ಮಕ್ಕಳಲ್ಲಿ ಅದಕ್ಕೂ ಮೊದಲೇ ಕಾಣುತ್ತೆ.

ಕಣ್ಣಿನ ಫೋಟೋ ಮಾತ್ರ ನೋಡಿ ಭಾವನೆ ಹೇಳೋ ಒಂದು ಟೆಸ್ಟ್ ಇದೆ. 2018ರಲ್ಲಿ ಸುಮಾರು 88,000 ಸಾಮಾನ್ಯ ಜನರ ಮಾಹಿತಿ ನೋಡಿದ್ರು, ಜೊತೆಗೆ ಅವಳಿಗಳನ್ನೂ ಹೋಲಿಸಿದ್ರು, ಆ ಹೋಲಿಕೆಯಲ್ಲಿ ಜೀನ್ ಪಾಲು ಸುಮಾರು 28% ಅಂತ ಬಂತು. ಅಂದ್ರೆ ಈ ಒಂದು ಸಾಮರ್ಥ್ಯದಲ್ಲಾದ್ರೂ ಬೇರೆ ಕಾರಣಗಳಿಗೆ ಬೇಕಾದಷ್ಟು ಜಾಗ ಇದೆ.

ಅದೂ ಅಲ್ದೆ ಜೀನಿಂದ ಬಂದಿದ್ದು ಬದಲಾಗಲ್ಲ ಅಂತೇನಿಲ್ಲ. ಮುಖಭಾವ ಗುರುತಿಸೋ ತರಬೇತಿ ಕೊಟ್ರೆ ಸ್ಕಿಜೋಫ್ರೀನಿಯಾ ಇರೋರು ಅದರಲ್ಲಿ ನಿಜವಾಗ್ಲೂ ಸುಧಾರಿಸ್ತಾರೆ, ದಿನನಿತ್ಯದ ಒಡನಾಟಕ್ಕೆ ಅದು ಇಳಿಯೋದು ನಿಧಾನ ಅಷ್ಟೇ. ಡಾಕ್ಟರ್ ಹತ್ರ ಮಾತ್ರೆ ಬಗ್ಗೆ ಕೇಳೋ ಹಾಗೆ ಈ ತರಬೇತಿ ಬಗ್ಗೆನೂ ಕೇಳಿ. ಮನೆಯಲ್ಲಿ, ಮುಖ ಊದಿಸ್ಕೊಂಡು ಅವನಿಗೇ ಅರ್ಥ ಆಗ್ಲಿ ಅಂತ ಕಾಯೋ ಬದಲು, "ನಂಗೆ ಇವತ್ತು ಬೇಜಾರಾಗಿದೆ, ನಿನ್ನ ಮೇಲೆ ಕೋಪ ಇಲ್ಲ" ಅಂತ ಬಾಯಿಬಿಟ್ಟು ಹೇಳಿ.